ಆಲಮಟ್ಟಿಯ ನೀರನ್ನು ಹಾಳೆಗೆ ತುಂಬಿಸಿದೆವು: ಒಂಬತ್ತನೆಯ ತರಗತಿಯ ಸ್ಪ್ರೆಡ್‌ಶೀಟ್ ದಿನಚರಿ

ನಾನು ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಈ ವರ್ಷ ಒಂಬತ್ತನೆಯ ತರಗತಿಯ 32 ಮಕ್ಕಳಿಗೆ, ಕೋಶಗಳಲ್ಲಿ ಅಂಕಿ ತುಂಬಿ ಸೂತ್ರದಿಂದ ಲೆಕ್ಕ ಮಾಡುವ ಕಂಪ್ಯೂಟರ್ ಹಾಳೆಯಾದ ಸ್ಪ್ರೆಡ್‌ಶೀಟ್‌ನ ಪ್ರಾಥಮಿಕ ಪಾಠ ಹೇಳಿಕೊಡಬೇಕೆಂದು ಹೊರಟು, ಜೂನ್ ಕೊನೆಯಿಂದ ದಸರಾ ರಜೆಯವರೆಗೆ ಮಾಡಿದ್ದನ್ನೂ ಕೆಡಿಸಿದ್ದನ್ನೂ ಇಲ್ಲಿ ದಿನಾಂಕದ ಕ್ರಮದಲ್ಲಿ ಬರೆದಿದ್ದೇನೆ. ಕೋಶಗಳ ಹೆಸರು ಮತ್ತು ಸೂತ್ರಗಳನ್ನು ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು.

ಜೂನ್ ಕೊನೆಯ ವಾರ: ಅಂಕಪಟ್ಟಿಯಿಂದ ಆರಂಭಿಸಿದ್ದು ತಪ್ಪಾಯಿತು

ಎಲ್ಲರೂ ಮಾಡುವಂತೆ ನಾನೂ ಅಂಕಪಟ್ಟಿಯಿಂದಲೇ ಶುರು ಮಾಡಿದೆ. ನನ್ನ ಸ್ವಂತ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಮೊದಲ ಸಾಲಿನಲ್ಲಿ ಶೀರ್ಷಿಕೆ ಬರೆದು, ಎರಡನೆಯ ಸಾಲಿನಿಂದ 32 ಮಕ್ಕಳ ಕಿರುಪರೀಕ್ಷೆಯ ಅಂಕಗಳನ್ನು ತುಂಬಿ, ಕೆಳಗೆ =ಸಮ್(ಬಿ2:ಬಿ32) ಎಂದು ಬರೆದು ಒಟ್ಟು ಮೊತ್ತ ತೋರಿಸಿದೆ. ಮಕ್ಕಳು ತಲೆಯಾಡಿಸಿದರು, ನಾನೂ ಸಂತೋಷಪಟ್ಟೆ. ಮೂರನೆಯ ದಿನ ಅಂಕವಹಿಯೊಂದಿಗೆ ತಾಳೆ ನೋಡುವಾಗ ಮೊತ್ತ ಹದಿನೇಳು ಕಡಿಮೆ ಇರುವುದು ಕಂಡಿತು. ಎರಡರಿಂದ ಆರಂಭವಾದ 32 ಹೆಸರುಗಳು 33ನೆಯ ಸಾಲಿನಲ್ಲಿ ಮುಗಿಯುತ್ತವೆ. ನಾನು 32ಕ್ಕೇ ನಿಲ್ಲಿಸಿ ಕೊನೆಯ ಹುಡುಗನನ್ನು ಲೆಕ್ಕದಿಂದ ಬಿಟ್ಟಿದ್ದೆ. ಆ ಹುಡುಗನೂ ಸೇರಿ ಯಾರಿಗೂ ಅದು ಗೊತ್ತಾಗಿರಲಿಲ್ಲ, ಏಕೆಂದರೆ ಸರಿಯಾದ ಉತ್ತರ ಎಷ್ಟೆಂದು ಅಲ್ಲಿ ಯಾರಿಗೂ ಮೊದಲೇ ತಿಳಿದಿರಲಿಲ್ಲ.

ಹಾಗಾಗಿ ಉತ್ತರ ಬೇರೆಲ್ಲಾದರೂ ಅಚ್ಚಾಗಿರುವ ಲೆಕ್ಕವೇ ಬೇಕೆಂದು ತೀರ್ಮಾನಿಸಿದೆ. ನಮ್ಮ ಭಾಗದಲ್ಲಿ ಅಂಥ ಲೆಕ್ಕವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಳೆಗಾಲ ಬಂತೆಂದರೆ ಪತ್ರಿಕೆಯಲ್ಲಿ ದಿನವೂ ಆಲಮಟ್ಟಿ ಜಲಾಶಯದ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು ಬರುತ್ತವೆ. ನಿನ್ನೆಯ ಸಂಗ್ರಹಕ್ಕೆ ಬಂದ ನೀರು ಕೂಡಿಸಿ, ಹೋದ ನೀರು ಕಳೆದರೆ ಇಂದಿನ ಸಂಗ್ರಹದ ಆಸುಪಾಸಿಗೆ ಬರಲೇಬೇಕು, ಮತ್ತು ಇಂದಿನ ಸಂಗ್ರಹ ಅದೇ ಪತ್ರಿಕೆಯಲ್ಲಿ ಇರುತ್ತದೆ. ನಮ್ಮ ತರಗತಿಯ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹಿನ್ನೀರಿನಲ್ಲಿ ಮುಳುಗಿದ ಊರುಗಳಿಂದ ಪುನರ್ವಸತಿ ಕೇಂದ್ರಕ್ಕೆ ಬಂದ ಮನೆಗಳವರಾದ್ದರಿಂದ, ಜಲಾಶಯದ ಪೂರ್ಣಮಟ್ಟವಾದ 519.60 ಮೀಟರ್ ಎಂಬ ಸಂಖ್ಯೆಯನ್ನು ನಾನು ಅವರಿಗೆ ಪರಿಚಯಿಸಬೇಕಾಗಿರಲಿಲ್ಲ.

ಜುಲೈ 1ರಿಂದ 5: ಯಂತ್ರಗಳ ದುರಸ್ತಿ

ಶಾಲೆಯ ಉಗ್ರಾಣದಲ್ಲಿ ಐದು ಹಳೆಯ ಡೆಸ್ಕ್‌ಟಾಪ್‌ಗಳಿದ್ದವು. ಐದನ್ನೂ ಹೊರತೆಗೆದು, ಮುಚ್ಚಳ ಬಿಚ್ಚಿ, ಬಣ್ಣ ಹಚ್ಚುವ ಎರಡು ಇಂಚಿನ ಹೊಸ ಬ್ರಷ್‌ನಿಂದ ಧೂಳು ತೆಗೆದೆವು. ಒಂದರ ಮದರ್‌ಬೋರ್ಡ್ ಪೂರ್ತಿ ಸತ್ತಿತ್ತು. ಅದರ ಪವರ್ ಸಪ್ಲೈ, ಹಾರ್ಡ್ ಡಿಸ್ಕ್ ಮತ್ತು ಮೌಸ್ ಉಳಿದವಕ್ಕೆ ಬಿಡಿಭಾಗಗಳಾದವು. ಉಳಿದ ನಾಲ್ಕರಲ್ಲಿ ಎರಡಕ್ಕೆ 1 ಜಿಬಿ ರ‍್ಯಾಮ್ ಮಾತ್ರ ಇದ್ದು, ನಾವು ಹಾಳೆಗೆ ಬಳಸುವ ಉಚಿತ ತಂತ್ರಾಂಶ ಲಿಬ್ರೆಆಫೀಸ್ ತೆರೆಯಲು ಒಂದೂವರೆ ನಿಮಿಷ ಹಿಡಿಯುತ್ತಿತ್ತು.

ಇಲ್ಲಿ ನನ್ನ ಎರಡನೆಯ ತಪ್ಪು. ಹಳೆಯ ರ‍್ಯಾಮನ್ನು ಕೈಯಲ್ಲಿ ಹಿಡಿದು ಹೋಗದೆ ಬರೀ ನೆನಪಿನ ಮೇಲೆ ಬಾಗಲಕೋಟೆಯ ಅಂಗಡಿಯೊಂದರಿಂದ ಡಿಡಿಆರ್2 ಪಟ್ಟಿಗಳನ್ನು ತಂದೆ. ಯಂತ್ರಕ್ಕೆ ಬೇಕಾದದ್ದು ಡಿಡಿಆರ್3; ಎರಡರ ಅಂಚಿನಲ್ಲಿರುವ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಅದು ಕೂರಲೇ ಇಲ್ಲ. ಅಂಗಡಿಯವರು ಬದಲಿಸಿ ಕೊಟ್ಟರು, ಆದರೆ ಬಸ್ಸಿನ ಖರ್ಚು ಮತ್ತು ಒಂದು ಶನಿವಾರ ಹೋಯಿತು.

ಮೂರು ಯಂತ್ರಗಳು ಆರಿಸಿ ಹಚ್ಚಿದಾಗಲೆಲ್ಲ 2009ನೆಯ ಇಸವಿಯ ಜನವರಿ 1ಕ್ಕೆ ಹಿಂತಿರುಗುತ್ತಿದ್ದವು. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್, ಅಂದರೆ ಸಿಆರ್2032, ಮುಗಿದುಹೋಗಿತ್ತು. ದಿನಾಂಕವೇ ಮುಖ್ಯವಾದ ಲೆಕ್ಕ ಮಾಡಲು ಹೊರಟವರಿಗೆ ಇದನ್ನು ಬಿಡುವಂತಿರಲಿಲ್ಲ, ಏಕೆಂದರೆ ಕಂಟ್ರೋಲ್ ಕೀಲಿಯ ಜೊತೆ ಅರ್ಧವಿರಾಮ ಚಿಹ್ನೆ ಒತ್ತಿದರೆ ಕೋಶದೊಳಗೆ ಬರುವ ಇಂದಿನ ದಿನಾಂಕ ಯಂತ್ರದ ಗಡಿಯಾರದ್ದೇ.

ನಾಲ್ಕಕ್ಕೂ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿದೆ. ಲಿಬ್ರೆಆಫೀಸ್ ಅದರ ಜೊತೆಗೇ ಬರುತ್ತದೆ. ಹಾಕುವಾಗ ಭಾಷೆ ಕೇಳಿದಲ್ಲಿ ಯೋಚಿಸದೆ ಅಮೆರಿಕದ ಇಂಗ್ಲಿಷ್ ಆರಿಸಿ ಮುಂದೆ ಒತ್ತಿದೆ. ಮೂರು ವಾರಗಳ ನಂತರ ಅದರ ದಂಡ ತೆತ್ತದ್ದನ್ನು ಮುಂದೆ ಹೇಳುತ್ತೇನೆ.

ಖರ್ಚು ಹೀಗಾಯಿತು. ಸಿಆರ್2032 ಸೆಲ್ ಮೂರು, ತಲಾ 40ರಂತೆ 120 ರೂ.; ಬಳಸಿದ 2 ಜಿಬಿ ರ‍್ಯಾಮ್ ಎರಡು, ತಲಾ 450ರಂತೆ 900 ರೂ.; ಕೀಬೋರ್ಡ್ ಎರಡು, 700 ರೂ.; ಯುಪಿಎಸ್‌ಗೆ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ 1,050 ರೂ.; ಪೆನ್‌ಡ್ರೈವ್ 380 ರೂ.; ಸೀಮೆಸುಣ್ಣ, ಹಗ್ಗ, ರಟ್ಟು ಸೇರಿ 90 ರೂ. ಒಟ್ಟು 3,240 ರೂಪಾಯಿಗಳಲ್ಲಿ 2,000 ನನ್ನದು, ಉಳಿದದ್ದು ಇಬ್ಬರು ಹಳೆಯ ವಿದ್ಯಾರ್ಥಿಗಳದು. ಯುಪಿಎಸ್ ಒಂದೇ ಇದ್ದುದರಿಂದ ಕರೆಂಟು ಹೋದರೆ ಮೂರು ಯಂತ್ರಗಳು ಅಲ್ಲೇ ನಿಲ್ಲುತ್ತಿದ್ದವು. ಲಿಬ್ರೆಆಫೀಸ್ ತಾನಾಗಿ ಉಳಿಸಿಕೊಳ್ಳುವ ಅವಧಿಯನ್ನು ಹತ್ತು ನಿಮಿಷದಿಂದ ಎರಡು ನಿಮಿಷಕ್ಕೆ ಇಳಿಸಿಟ್ಟೆ.

ಜುಲೈ 8: ಪಡಸಾಲೆಯ ಮೇಲೆ ಹಾಳೆ

ನಾಲ್ಕು ಯಂತ್ರಕ್ಕೆ 32 ಮಕ್ಕಳೆಂದರೆ ಮೊದಲ ಪಾಠವನ್ನು ಯಂತ್ರದ ಹೊರಗೇ ಮಾಡಬೇಕಿತ್ತು. ಶಾಲೆಯ ಪಡಸಾಲೆಯ ಬಂಡೆಗಲ್ಲಿನ ನೆಲದ ಮೇಲೆ ಸೀಮೆಸುಣ್ಣದಿಂದ 45 ಸೆಂಟಿಮೀಟರ್ ಚೌಕದ ಕೋಶಗಳನ್ನು ಎಳೆದೆವು: ಎಂಟು ಕಂಬಸಾಲು, ಹನ್ನೆರಡು ಅಡ್ಡಸಾಲು, ಅಂದರೆ 3.6 ಮೀಟರ್ ಅಗಲ, 5.4 ಮೀಟರ್ ಉದ್ದ. ಮೇಲೆ ಎ ಯಿಂದ ಎಚ್ ವರೆಗೆ, ಎಡಕ್ಕೆ 1ರಿಂದ 12ರವರೆಗೆ ಬರೆದು, "ಡಿ5" ಎಂದು ಕೂಗಿದರೆ ಅಲ್ಲಿಗೆ ಜಿಗಿಯುವ ಆಟ ಆಡಿಸಿದೆ. ಕುಂಟಬಿಲ್ಲೆ ಆಡಿದ ಮಕ್ಕಳಿಗೆ ಕೋಶದ ವಿಳಾಸ ಕಲಿಯಲು ಹದಿನೈದು ನಿಮಿಷ ಸಾಕಾಯಿತು. ವ್ಯಾಪ್ತಿಯನ್ನು ತೋರಿಸಲು ಹಗ್ಗವನ್ನು ಬಿ2ರಿಂದ ಬಿ8ರವರೆಗೆ ಸುತ್ತಿ ಹಾಸಿದೆವು. ಹಗ್ಗದೊಳಗೆ ನಿಂತವರು ಮಾತ್ರ ತಮ್ಮ ರಟ್ಟಿನ ಸಂಖ್ಯೆ ಕೂಗಬೇಕು, ಹೊರಗಿನ ಒಬ್ಬಳು ಕೂಡಿಸಬೇಕು. ಅಂಕಪಟ್ಟಿಯಲ್ಲಿ ನಾನು ಬಿಟ್ಟಿದ್ದ ಹುಡುಗನನ್ನು ಬೇಕೆಂತಲೇ ಹಗ್ಗದ ಹೊರಗೆ ನಿಲ್ಲಿಸಿದಾಗ, "ಸರ್ರ, ಅವನ್ನ ಬಿಟ್ಟೀರಿ" ಎಂದು ಕೂಡಲೇ ಕೂಗಿದರು. ಇಡೀ ಯೋಜನೆಯಲ್ಲಿ ಒಮ್ಮೆಗೇ ಸರಿಹೋದ ಹಂತ ಇದೊಂದೇ.

ಜುಲೈ 10ರಿಂದ 20: ದತ್ತಾಂಶ ಸಂಗ್ರಹ

ನಾಲ್ವರಂತೆ ಎಂಟು ತಂಡ ಮಾಡಿದೆ. ವಾಚನಾಲಯದಲ್ಲಿ ಕಟ್ಟಿಟ್ಟಿದ್ದ ಪತ್ರಿಕೆಗಳಿಂದ ಜುಲೈ 1ರಿಂದ ಆಚೆಗಿನ ಅಂಕಿಗಳನ್ನು ಪ್ರತಿ ತಂಡವೂ ಮೊದಲು 200 ಪುಟದ ನೋಟ್‌ಬುಕ್ಕಿನಲ್ಲಿ ಕೈಯಿಂದ ಬರೆದುಕೊಳ್ಳಬೇಕೆಂದು ಹೇಳಿದೆ. ಕೆಲವರಿಗೆ ಇದು ದಂಡದ ಕೆಲಸವೆನಿಸಿತು. ಆಗಸ್ಟಿನಲ್ಲಿ ಒಂದು ತಂಡವನ್ನು ಉಳಿಸಿದ್ದು ಆ ನೋಟ್‌ಬುಕ್ಕೇ.

ಜುಲೈ 22: ದಿನಾಂಕಗಳು ತಿಂಗಳಾದವು

ಕಂಬಸಾಲುಗಳನ್ನು ಹೀಗೆ ಗೊತ್ತುಮಾಡಿದ್ದೆವು: ಎ ದಿನಾಂಕ, ಬಿ ಮಟ್ಟ, ಸಿ ಸಂಗ್ರಹ, ಡಿ ಒಳಹರಿವು, ಇ ಹೊರಹರಿವು, ಎಫ್ ತುಂಬಲು ಇನ್ನೆಷ್ಟು ಮೀಟರ್ ಬಾಕಿ, ಜಿ ನಾವು ಲೆಕ್ಕಹಾಕಿದ ಸಂಗ್ರಹ, ಎಚ್ ಪತ್ರಿಕೆಗೂ ನಮಗೂ ಇರುವ ವ್ಯತ್ಯಾಸ. ಮೊದಲ ಸಾಲು ಶೀರ್ಷಿಕೆಗೆ.

ಮಕ್ಕಳು 01/07, 02/07 ಎಂದು ನಮ್ಮ ರೂಢಿಯಂತೆ ದಿನ, ತಿಂಗಳು, ವರ್ಷದ ಕ್ರಮದಲ್ಲಿ ಒತ್ತಿದರು. ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಯಾವುದಾದರೂ ದಿನ ಬಿಟ್ಟುಹೋಗಿದೆಯೇ ಎಂದು ನೋಡಲು ಪಕ್ಕದ ಖಾಲಿ ಕಂಬಸಾಲಿನಲ್ಲಿ =ಎ3-ಎ2 ಎಂದು ಬರೆದು ಕೆಳಗೆಳೆಯಲು ಹೇಳಿದೆ. ಪ್ರತಿ ಸಾಲಿನಲ್ಲೂ 1 ಬರಬೇಕಿತ್ತು. ಬಂದದ್ದು 31, 28, 31, 30, 31, 30, 31, 31. ನಾನು ಸೂತ್ರ ತಪ್ಪಿರಬೇಕೆಂದು ಬಾಗಿ ನೋಡುತ್ತಿರುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮುಷ್ಟಿಯ ಗೆಣ್ಣುಗಳನ್ನು ಎಣಿಸುತ್ತ, "ಸರ್ರ, ಇವು ತಿಂಗಳಿನ ದಿವಸ ಅದಾವ್ರಿ" ಎಂದಳು. ಹೌದು, ಜನವರಿಗೆ 31, ಫೆಬ್ರವರಿಗೆ 28. ಕಂಪ್ಯೂಟರು ಜುಲೈ 1ನ್ನು ಜನವರಿ 7 ಎಂದೂ ಜುಲೈ 2ನ್ನು ಫೆಬ್ರವರಿ 7 ಎಂದೂ ಓದಿಕೊಂಡಿತ್ತು. ಹನ್ನೆರಡು ಸಾಲು ಹೀಗೆ ಸಾಗಿ, ಹದಿಮೂರನೆಯ ತಿಂಗಳು ಇಲ್ಲದ್ದರಿಂದ 13/07ರಿಂದ ಮುಂದಿನದನ್ನೆಲ್ಲ ಅದು ದಿನಾಂಕವೆಂದೇ ಒಪ್ಪದೆ ಬರೀ ಪಠ್ಯವಾಗಿ ಇಟ್ಟುಕೊಂಡಿತ್ತು. ಅಲ್ಲಿಂದ ಕೆಳಗೆ ದೋಷ ಸೂಚನೆಗಳ ಸಾಲೇ ಇತ್ತು. ಎಂಟೂ ತಂಡಗಳದ್ದು ಇದೇ ಕಥೆ.

ಅಂದು ಸಂಜೆ ತೊಂದರೆ ಎಲ್ಲಿದೆಯೆಂದು ನನಗೆ ಹೊಳೆಯಲಿಲ್ಲ. ಕೋಶದ ಮೇಲೆ ಬಲಗುಂಡಿ ಒತ್ತಿ, ರೂಪ ಬದಲಿಸುವಲ್ಲಿ ದಿನ-ತಿಂಗಳ ಕ್ರಮವನ್ನು ಆರಿಸಿದೆ. ಅದರಿಂದ ಒಳಗಿದ್ದ ತಪ್ಪು ದಿನಾಂಕವೇ ಇನ್ನೊಂದು ವೇಷದಲ್ಲಿ ಕಂಡಿತೇ ಹೊರತು ಸರಿಯಾಗಲಿಲ್ಲ. ಕೋಶದಲ್ಲಿ ಇರುವುದು ಬೇರೆ, ಕಾಣುವುದು ಬೇರೆ ಎಂಬುದನ್ನು ಮಕ್ಕಳಿಗೆ ಆಮೇಲೆ ಹೇಳಬೇಕೆಂದಿದ್ದೆ. ಮೊದಲು ನಾನೇ ಕಲಿಯಬೇಕಾಯಿತು.

ಜುಲೈ 24 ಮತ್ತು 25: ಲಕ್ಷ ದಾಟಿದ ನೀರು ಮಾಯ

ಒಳಹರಿವಿನ ಗರಿಷ್ಠ ಎಷ್ಟೆಂದು ನೋಡಲು =ಮ್ಯಾಕ್ಸ್(ಡಿ2:ಡಿ23) ಎಂದು ಬರೆಸಿದೆ. ಉತ್ತರ ಒಂದು ಲಕ್ಷದೊಳಗೇ ಬಂತು. ನೋಟ್‌ಬುಕ್ಕಿನಲ್ಲಿ ಲಕ್ಷ ದಾಟಿದ ದಿನಗಳು ಕಣ್ಣೆದುರೇ ಇದ್ದವು. ಮಕ್ಕಳು ಪತ್ರಿಕೆಯಲ್ಲಿದ್ದಂತೆಯೇ ಅಲ್ಪವಿರಾಮ ಹಾಕಿ 1,00,000ದ ಮಾದರಿಯಲ್ಲಿ ಬರೆದಿದ್ದರು. 85,000ದಂಥ ಸಂಖ್ಯೆಗಳಲ್ಲಿ ಅಲ್ಪವಿರಾಮದ ನಂತರ ಮೂರು ಅಂಕಿಗಳಿರುವುದರಿಂದ ಅವು ಸಂಖ್ಯೆಗಳೆಂದು ಒಪ್ಪಿತವಾಗಿದ್ದವು; ಲಕ್ಷದ ನಮ್ಮ ಬರವಣಿಗೆಯಲ್ಲಿ ಮೊದಲ ಅಲ್ಪವಿರಾಮದ ನಂತರ ಎರಡೇ ಅಂಕಿಗಳಿರುವುದರಿಂದ ಅವು ಪಠ್ಯವಾಗಿದ್ದವು. ಮ್ಯಾಕ್ಸ್ ಆಗಲಿ ಸಮ್ ಆಗಲಿ ವ್ಯಾಪ್ತಿಯೊಳಗಿನ ಪಠ್ಯವನ್ನು ಏನೂ ಹೇಳದೆ ದಾಟಿಹೋಗುತ್ತವೆ. ದೋಷ ಸೂಚನೆಯಾದರೂ ಬಂದಿದ್ದರೆ ಚೆನ್ನಾಗಿತ್ತು. ಮಳೆಗಾಲದ ಅತಿ ದೊಡ್ಡ ದಿನಗಳನ್ನೇ ನುಂಗಿ, ನೋಡಲು ಸರಿಯೆನಿಸುವ ಉತ್ತರ ಕೊಟ್ಟದ್ದು ನನಗೆ ದಿಗಿಲು ಹುಟ್ಟಿಸಿತು.

ಆಗ ಉಪಯೋಗಕ್ಕೆ ಬಂದದ್ದು ವ್ಯೂ ಮೆನುವಿನಲ್ಲಿರುವ ವ್ಯಾಲ್ಯೂ ಹೈಲೈಟಿಂಗ್. ಕಂಟ್ರೋಲ್ ಜೊತೆ ಎಫ್8 ಒತ್ತಿದರೂ ಆಗುತ್ತದೆ. ಅದನ್ನು ಹಚ್ಚಿದರೆ ಸಂಖ್ಯೆಗಳು ನೀಲಿ, ಸೂತ್ರಗಳು ಹಸಿರು, ಪಠ್ಯ ಕಪ್ಪು ಬಣ್ಣದಲ್ಲಿ ಕಾಣುತ್ತವೆ. ಡಿ ಕಂಬಸಾಲಿನ ನೀಲಿಯ ನಡುವೆ ಲಕ್ಷ ದಾಟಿದವೆಲ್ಲ ಕಪ್ಪಗೆ ನಿಂತಿದ್ದವು, ಎ ಕಂಬಸಾಲಿನಲ್ಲಿ ಹದಿಮೂರರ ನಂತರದ್ದೆಲ್ಲ ಕಪ್ಪು. ಎರಡು ರೋಗಕ್ಕೂ ಬೇರು ಒಂದೇ ಎಂದು ಆಗ ಅರ್ಥವಾಯಿತು: ಯಂತ್ರ ಅಮೆರಿಕದ ರೂಢಿಯಲ್ಲಿತ್ತು, ಅಲ್ಲಿ ತಿಂಗಳು ಮೊದಲು, ಅಲ್ಪವಿರಾಮ ಮೂರಕ್ಕೊಂದು.

ಟೂಲ್ಸ್ ಮೆನುವಿನ ಆಪ್ಷನ್ಸ್ ತೆರೆದು, ಭಾಷೆಯ ವಿಭಾಗದಲ್ಲಿ ಲೊಕೇಲ್ ಎಂಬಲ್ಲಿ ಇಂಗ್ಲಿಷ್ (ಭಾರತ) ಎಂದು ಆರಿಸಿದೆ. ಒಂದು ಯಂತ್ರಕ್ಕೆ ಎರಡು ನಿಮಿಷದ ಕೆಲಸ. ಆದರೆ ಬದಲಾವಣೆ ಮುಂದೆ ಒತ್ತುವುದಕ್ಕೆ ಮಾತ್ರ ಅನ್ವಯವಾಗುತ್ತದೆ, ಆಗಲೇ ಕೆಟ್ಟದ್ದು ತಾನಾಗಿ ಸರಿಹೋಗುವುದಿಲ್ಲ. ಒಳಹರಿವಿನ ಕಂಬಸಾಲನ್ನಷ್ಟೇ ಆರಿಸಿಕೊಂಡು, ಹುಡುಕಿ ಬದಲಿಸುವ ಸೌಲಭ್ಯದಿಂದ ಅಲ್ಪವಿರಾಮಗಳನ್ನು ತೆಗೆದಾಗ ಕಪ್ಪು ನೀಲಿಯಾಯಿತು. ದಿನಾಂಕಗಳನ್ನು ಅಳಿಸಿ ಹೊಸದಾಗಿ ಒತ್ತಿಸಿದೆ. ಮೊದಲ ದಿನಾಂಕ ಬರೆದು ಕೋಶದ ಬಲಮೂಲೆಯ ಚುಕ್ಕೆಯನ್ನು ಹಿಡಿದು ಎಳೆದರೆ ಉಳಿದವು ತಾವೇ ಬರುವುದನ್ನು ಅಂದೇ ಕಲಿಸಿದೆ. ಪಕ್ಕದ ಕಂಬಸಾಲಿನಲ್ಲಿ ಈಗ ಮೇಲಿಂದ ಕೆಳಗೆ 1, 1, 1 ಎಂದು ಬಂದಾಗ ತರಗತಿಯಲ್ಲಿ ಚಪ್ಪಾಳೆ ಬಿತ್ತು.

ಇದೇ ದಿನ ಇನ್ನೊಂದು ತಂಡದವರು ಕೋಶದಲ್ಲಿ ಅಂಕಿಯ ಬದಲು ಜಾಲಿ ಬೇಲಿಯಂಥ ಗುರುತುಗಳನ್ನು ಕಂಡು ಗಾಬರಿಯಾಗಿ ಇಡೀ ಕಂಬಸಾಲನ್ನು ಅಳಿಸಿದ್ದರು. ಕಂಬಸಾಲು ಇಕ್ಕಟ್ಟಾದರೆ ಸಂಖ್ಯೆಯ ಬದಲು ಅವು ಕಾಣುತ್ತವೆ, ಅಗಲಿಸಿದರೆ ಸಾಕು.

ಜುಲೈ 29: ಎಂಬತ್ತೈದು ಸಾವಿರ ಮೀಟರಿನ ಕೊರತೆ

ಸ್ಥಿರಸಂಖ್ಯೆಗಳನ್ನು ಸೂತ್ರದೊಳಗೆ ಹುದುಗಿಸದೆ ಹೊರಗೆ ಇಡಬೇಕೆಂದು ನಾನು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಜೆ1ರಲ್ಲಿ ಪೂರ್ಣಮಟ್ಟ 519.60, ಜೆ2ರಲ್ಲಿ ಒಂದು ದಿನದ ಸೆಕೆಂಡುಗಳು 86400, ಜೆ3ರಲ್ಲಿ ಒಂದು ಟಿಎಂಸಿಯ ಘನ ಅಡಿಗಳು, ಅಂದರೆ ಒಂದರ ಮುಂದೆ ಒಂಬತ್ತು ಸೊನ್ನೆ. ಎಫ್2ರಲ್ಲಿ =ಜೆ1-ಬಿ2 ಎಂದು ಬರೆದಾಗ ಸರಿಯಾದ ಉತ್ತರ ಬಂತು. ಕೆಳಗೆಳೆದಾಗ ಎರಡನೆಯ ದಿನಕ್ಕೆ ಜಲಾಶಯ ತುಂಬಲು ಎಂಬತ್ತೈದು ಸಾವಿರದ ಎಂಟುನೂರು ಚಿಲ್ಲರೆ ಮೀಟರ್ ಬಾಕಿ ಎಂದು ತೋರಿಸಿತು. ಎವರೆಸ್ಟಿನ ಎತ್ತರ 8,849 ಮೀಟರ್. ಅಂದರೆ ಒಂಬತ್ತು ಎವರೆಸ್ಟ್ ಒಂದರ ಮೇಲೊಂದು ಇಟ್ಟರೂ ಸಾಲದು. ಸೂತ್ರ ಒಂದು ಸಾಲು ಇಳಿದಾಗ ಜೆ1 ಕೂಡ ಜೆ2 ಆಗಿ, 519.60ರ ಜಾಗದಲ್ಲಿ 86400 ಬಂದು ಕೂತಿತ್ತು.

ನಾನು ಡಾಲರ್ ಚಿಹ್ನೆಯನ್ನು ಇಲ್ಲಿ ಮೊದಲ ಬಾರಿಗೆ ತೋರಿಸಿದೆ: =$ಜೆ$1-ಬಿ2. ಸೂತ್ರ ಬರೆಯುವಾಗ ಜೆ1 ಮೇಲೆ ಇದ್ದು ಎಫ್4 ಒತ್ತಿದರೆ ಚಿಹ್ನೆಗಳು ತಾವೇ ಬರುತ್ತವೆ. "ಗೂಟಕ್ಕೆ ಕಟ್ಟಿದ ಎಮ್ಮೆ" ಎಂದು ಒಬ್ಬ ಹುಡುಗ ಅದನ್ನು ಕರೆದ. ತರಗತಿಯಲ್ಲಿ ಈಗ ಆ ಹೆಸರೇ ನಿಂತಿದೆ, "ಜೆ1ಕ್ಕ ಗೂಟ ಹೊಡಿ" ಎಂದೇ ಹೇಳುತ್ತಾರೆ. ಮೊದಲೇ ಡಾಲರಿನ ಪಾಠ ಹೇಳಿ ಆಮೇಲೆ ಸೂತ್ರ ಬರೆಸಿದ್ದರೆ ಈ ಮಾತು ಹುಟ್ಟುತ್ತಿರಲಿಲ್ಲ ಎಂದು ನನ್ನ ಅಂದಾಜು.

ಆಗಸ್ಟ್ 2: ಆವರಣ ಮರೆತರೆ ಅಣೆಕಟ್ಟು ಒಡೆಯುತ್ತದೆ

ಈಗ ಮುಖ್ಯ ಸೂತ್ರ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ; ಹಾಗಾಗಿ ಒಂದು ಲಕ್ಷ ಕ್ಯೂಸೆಕ್ ಒಂದು ಇಡೀ ದಿನ ಹರಿದರೆ 8.64 ಟಿಎಂಸಿ. ಪರೀಕ್ಷೆಗಾಗಿ ಸುಲಭವಾದ ಕಲ್ಪಿತ ಅಂಕಿಗಳನ್ನು ಕಪ್ಪು ಹಲಗೆಯ ಮೇಲೆ ಬರೆದೆ: ನಿನ್ನೆಯ ಸಂಗ್ರಹ 80 ಟಿಎಂಸಿ, ಒಳಹರಿವು 1,00,000, ಹೊರಹರಿವು 25,000. ಮೊದಲು ಎಲ್ಲರೂ ನೋಟ್‌ಬುಕ್ಕಿನಲ್ಲಿ ಮಾಡಿದರು. ಉಳಿದ 75,000 ಕ್ಯೂಸೆಕ್ ದಿನಕ್ಕೆ 6.48 ಟಿಎಂಸಿ, ಇಂದಿನ ಸಂಗ್ರಹ 86.48.

ಅದೇ ಲೆಕ್ಕವನ್ನು ಹಾಳೆಗೆ ಹಾಕಿದಾಗ ಎಂಟರಲ್ಲಿ ಐದು ತಂಡಗಳಿಗೆ 1,00,077.84 ಬಂತು. ಜಲಾಶಯದ ಪೂರ್ಣ ಸಾಮರ್ಥ್ಯ 123.08 ಟಿಎಂಸಿ. "ಸರ್ರ, ಡ್ಯಾಮ್ ಒಡದ್ ಹೋಕ್ಕೈತ್ರಿ" ಎಂದು ಇಡೀ ತರಗತಿ ನಕ್ಕಿತು. ಅವರು ಬರೆದದ್ದು =ಸಿ2+ಡಿ2-ಇ2*$ಜೆ$2/$ಜೆ$3. ಗುಣಾಕಾರ, ಭಾಗಾಕಾರ ಮೊದಲು ನಡೆಯುವುದರಿಂದ ಹೊರಹರಿವಷ್ಟೇ 2.16 ಟಿಎಂಸಿಯಾಗಿ, ಒಳಹರಿವಿನ ಒಂದು ಲಕ್ಷ ಕ್ಯೂಸೆಕ್ ಇದ್ದಕ್ಕಿದ್ದಂತೆ ಒಂದು ಲಕ್ಷ ಟಿಎಂಸಿಯಾಗಿ ಕೂಡಿಕೊಂಡಿತ್ತು. ಆವರಣ ಮೊದಲು ಎಂಬ ನಿಯಮವನ್ನು ಈ ಮಕ್ಕಳು ಆರನೆಯ ತರಗತಿಯಿಂದ ಬಾಯಿಪಾಠ ಒಪ್ಪಿಸುತ್ತ ಬಂದಿದ್ದಾರೆ. ಕಾಗದದ ಮೇಲೆ ಯಾರೂ ತಪ್ಪಲಿಲ್ಲ, ಏಕೆಂದರೆ ಅಲ್ಲಿ ಹಂತ ಹಂತವಾಗಿ ಮಾಡುತ್ತಾರೆ. ಒಂದೇ ಸಾಲಿನಲ್ಲಿ ಬರೆಯಬೇಕಾದಾಗ ಮಾತ್ರ ಆವರಣದ ಅಗತ್ಯ ಅವರ ಕೈಗೆ ಬಂತು. ಸರಿಯಾದ ಸೂತ್ರ ಜಿ3ರಲ್ಲಿ: =ಸಿ2+(ಡಿ2-ಇ2)*$ಜೆ$2/$ಜೆ$3. ಮೊದಲ ದಿನಕ್ಕೆ ಹಿಂದಿನ ದಿನವಿಲ್ಲದ ಕಾರಣ ಜಿ2 ಖಾಲಿ.

ಇಲ್ಲಿ ಇಡೀ ಒಂದು ಅವಧಿ ಹೋಯಿತು. ಹೋದದ್ದಕ್ಕೆ ನನಗೆ ಬೇಸರವಿಲ್ಲ.

ಆಗಸ್ಟ್ 6ರಿಂದ 12: ವ್ಯತ್ಯಾಸದ ಕಂಬಸಾಲು

ಎಚ್3ರಲ್ಲಿ =ಸಿ3-ಜಿ3. ಸೊನ್ನೆ ಬರುವುದಿಲ್ಲವೆಂದು ಗೊತ್ತಿತ್ತು: ಪತ್ರಿಕೆಯ ಒಂದು ಅಂಕಿಯನ್ನು ನಾವು ಇಡೀ ದಿನದ ಹರಿವೆಂದು ಎಣಿಸುತ್ತೇವೆ, ಆವಿಯಾಗುವ ನೀರಿನ ಲೆಕ್ಕ ನಮ್ಮಲ್ಲಿಲ್ಲ. ಆರು ತಂಡಗಳ ವ್ಯತ್ಯಾಸ ಸಣ್ಣದಿತ್ತು. ಎರಡು ತಂಡಗಳದ್ದು ಮಾತ್ರ ಒಳಹರಿವು ಏರುವ ದಿನಗಳಲ್ಲಿ ಬಹಳ ದೊಡ್ಡದಾಗಿ, ಸಮನಾದ ದಿನಗಳಲ್ಲಿ ಕುಗ್ಗುತ್ತಿತ್ತು. ಸೂತ್ರಗಳನ್ನು ಮೂರು ಸಲ ನೋಡಿದೆ, ತಪ್ಪಿರಲಿಲ್ಲ. ನಾಲ್ಕನೆಯ ದಿನ ನೋಟ್‌ಬುಕ್ಕುಗಳನ್ನು ಪಕ್ಕಪಕ್ಕ ಇಟ್ಟಾಗ ಗುಟ್ಟು ತಿಳಿಯಿತು. ಪತ್ರಿಕೆಯಲ್ಲಿ ಬರುವುದು ಹಿಂದಿನ ದಿನದ ಅಂಕಿ. ಆರು ತಂಡಗಳು ಆಯಾ ಅಂಕಿಯ ದಿನವನ್ನು ಬರೆದಿದ್ದವು. ಈ ಎರಡು ತಂಡಗಳು ಮೊದಲ ವಾರ ಅಂಕಿಯ ದಿನವನ್ನೂ ನಂತರ ಪತ್ರಿಕೆಯ ದಿನವನ್ನೂ ಬರೆದು, ನಡುವೆ ಉಂಟಾದ ಬಿರುಕನ್ನು ಮುಚ್ಚಲು ಒಂದು ದಿನದ ಮಟ್ಟ ಮತ್ತು ಸಂಗ್ರಹವನ್ನು ಎರಡು ಸಲ ಬರೆದಿದ್ದವು. ಹಾಗಾಗಿ ಹರಿವು ಒಂದು ದಿನದ್ದು, ಸಂಗ್ರಹ ಇನ್ನೊಂದು ದಿನದ್ದು. ಇದನ್ನು ಮೊದಲೇ ಸ್ಪಷ್ಟಪಡಿಸದೆ ಇದ್ದದ್ದು ನನ್ನ ತಪ್ಪು. ಎ1ರ ಶೀರ್ಷಿಕೆಯನ್ನು ಬರೀ "ದಿನಾಂಕ" ಎಂದಿಡುವ ಬದಲು "ಅಂಕಿಯ ದಿನಾಂಕ" ಎಂದು ಬದಲಿಸಿದೆವು.

ಆಗಸ್ಟ್ 18: ಸೊನ್ನೆಯೂ ಖಾಲಿಯೂ

ಸ್ವಾತಂತ್ರ್ಯ ದಿನದ ರಜೆಯಿಂದಾಗಿ ಮರುದಿನ ಪತ್ರಿಕೆ ಬರಲಿಲ್ಲ. ಒಂದು ತಂಡ ಆ ಸಾಲನ್ನು ಖಾಲಿ ಬಿಟ್ಟಿತು, ಇನ್ನೊಂದು ಎಲ್ಲ ಕೋಶಗಳಲ್ಲೂ ಸೊನ್ನೆ ತುಂಬಿತು. ಆ ವಾರದ ಮಟ್ಟದ ಸರಾಸರಿಯನ್ನು =ಆವರೇಜ್ ನಿಂದ ತೆಗೆದಾಗ ಖಾಲಿ ಬಿಟ್ಟವರಿಗೆ 519ರ ಆಸುಪಾಸು, ಸೊನ್ನೆ ತುಂಬಿದವರಿಗೆ 445ರ ಆಸುಪಾಸು ಬಂತು. ನಕ್ಷೆಯಲ್ಲಿ ಗೆರೆ ನೆಲಕ್ಕೆ ಬಿದ್ದು ಮರುದಿನ ಮತ್ತೆ ಎದ್ದಿತ್ತು. ಖಾಲಿ ಕೋಶವನ್ನು ಸರಾಸರಿ ಎಣಿಸುವುದಿಲ್ಲ, ಸೊನ್ನೆಯನ್ನು ಎಣಿಸುತ್ತದೆ. ನಾನು ವಿವರಿಸುವ ಮೊದಲೇ ಸೊನ್ನೆ ತುಂಬಿದ ತಂಡದ ಹುಡುಗ, "ಗೊತ್ತಿಲ್ಲ ಅನ್ನೂದಕ್ಕ, ಏನೂ ಇಲ್ಲ ಅನ್ನೂದಕ್ಕ ಫರಕ್ ಐತಿ" ಎಂದ.

ಆಗಸ್ಟ್ 21: ಒಂದೇ ಕಂಬಸಾಲು ವಿಂಗಡಿಸಿದ ಅನಾಹುತ

ಅತಿ ಹೆಚ್ಚು ಒಳಹರಿವಿನ ದಿನ ಯಾವುದೆಂದು ನೋಡಲು ಒಂದು ತಂಡದವರು ಡಿ ಕಂಬಸಾಲನ್ನು ಮಾತ್ರ ಆರಿಸಿಕೊಂಡು ಇಳಿಕೆ ಕ್ರಮದಲ್ಲಿ ವಿಂಗಡಿಸಿದರು. ಪಕ್ಕದ ದತ್ತಾಂಶವನ್ನೂ ಸೇರಿಸಬೇಕೇ ಎಂದು ಲಿಬ್ರೆಆಫೀಸ್ ಕೇಳಿತ್ತು. ಓದದೆ ಬೇಡವೆಂದು ಒತ್ತಿದರು. ಒಳಹರಿವುಗಳು ದೊಡ್ಡದರಿಂದ ಚಿಕ್ಕದಕ್ಕೆ ಇಳಿದವು, ದಿನಾಂಕಗಳು ಇದ್ದಲ್ಲೇ ಉಳಿದವು. ಉಳಿಸಿ, ಮುಚ್ಚಿ, ಊಟಕ್ಕೆ ಹೋದರು. ಹಿಂದಕ್ಕೆ ತರುವ ಆಜ್ಞೆ ಕಡತ ಮುಚ್ಚಿದ ಮೇಲೆ ಕೆಲಸ ಮಾಡುವುದಿಲ್ಲ. ಐವತ್ತು ದಿನದ ಒಳಹರಿವನ್ನು ನೋಟ್‌ಬುಕ್ಕಿನಿಂದ ಮತ್ತೆ ಒತ್ತಬೇಕಾಯಿತು. ಇಬ್ಬರು ಓದಿ, ಇಬ್ಬರು ಒತ್ತಿ, 25 ನಿಮಿಷದಲ್ಲಿ ಮುಗಿಸಿದರು. ನಾನು ಪೆನ್‌ಡ್ರೈವ್ ತಂದಿಟ್ಟು ಒಂದೂವರೆ ತಿಂಗಳಾಗಿದ್ದರೂ ಅದಕ್ಕೆ ಪ್ರತಿ ತೆಗೆಯುವ ಪದ್ಧತಿ ಹಾಕಿರಲಿಲ್ಲ. ಅಂದಿನಿಂದ ಪ್ರತಿ ಶನಿವಾರ ಕಡತದ ಹೆಸರಿಗೆ ದಿನಾಂಕ ಸೇರಿಸಿ ಪ್ರತಿ ತೆಗೆಯುತ್ತೇವೆ.

ಸೆಪ್ಟೆಂಬರ್: 4.656 ಮೀಟರ್

ಸೆಪ್ಟೆಂಬರ್ ಮೊದಲ ವಾರದಲ್ಲಿ ಪತ್ರಿಕೆಯಲ್ಲಿ ಮಟ್ಟ 519.60 ಎಂದು ಬಂದ ದಿನ, ಎಫ್ ಕಂಬಸಾಲಿನಲ್ಲಿ ಸೊನ್ನೆ ಕಾಣಲು ಎಲ್ಲರೂ ಕಾದಿದ್ದರು. ಏಳು ತಂಡಗಳಿಗೆ ಸೊನ್ನೆ ಬಂತು. ಎಂಟನೆಯ ತಂಡದ ಹಾಳೆಯಲ್ಲಿ ಜಲಾಶಯ ತುಂಬಲು ಇನ್ನೂ 4.656 ಮೀಟರ್ ಬಾಕಿ ಇತ್ತು, ಹಿಂದಿನ ಎಲ್ಲ ದಿನಗಳೂ ಅಷ್ಟಷ್ಟೇ ಹೆಚ್ಚಾಗಿದ್ದವು. ಸೂತ್ರ, ಗೂಟ, ಆವರಣ ಎಲ್ಲವೂ ಸರಿ. ಜೆ1ರಲ್ಲಿ 519.60ರ ಬದಲು 524.256 ಇತ್ತು.

ಅಂದು ಮುಷ್ಟಿಯ ಗೆಣ್ಣು ಎಣಿಸಿದ್ದ ಹುಡುಗಿಯೇ ಅದನ್ನು ಬದಲಿಸಿದ್ದಳು. ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರ ಡಿಸೆಂಬರ್‌ನ ತೀರ್ಪಿನಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅವಕಾಶ ಕೊಟ್ಟಿರುವುದು ನಮ್ಮ ಭಾಗದ ಮನೆಮನೆಯ ಮಾತು. ಒಂದು ಕೋಶ ಬದಲಿಸಿದರೆ ಇಡೀ ಕಂಬಸಾಲು ಬದಲಾಗುತ್ತದೆ ಎಂದು ನಾನು ಹೇಳಿದ್ದನ್ನು ನೆನಪಿಟ್ಟು, ಊಟದ ಬಿಡುವಿನಲ್ಲಿ ಆಕೆ ಹಾಕಿ ನೋಡಿದ್ದಾಳೆ, ಹಾಗೇ ಬಿಟ್ಟಿದ್ದಾಳೆ.

ಸ್ಥಿರಸಂಖ್ಯೆಗಳಿಗೆ ಬೀಗ ಹಾಕಲು ಟೂಲ್ಸ್ ಮೆನುವಿನಿಂದ ಹಾಳೆಯ ರಕ್ಷಣೆಯನ್ನು ಹಚ್ಚಿದೆ. ಮರುದಿನ ಯಾರಿಗೂ ಒಂದು ಅಂಕಿಯನ್ನೂ ಒತ್ತಲು ಆಗಲಿಲ್ಲ. ಪ್ರತಿ ಕೋಶಕ್ಕೂ ರಕ್ಷಣೆಯ ಗುರುತು ಮೊದಲಿನಿಂದಲೇ ಇರುತ್ತದೆ, ಹಾಳೆಗೆ ಬೀಗ ಹಾಕಿದಾಗ ಅದು ಜಾರಿಗೆ ಬರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಬೀಗ ತೆಗೆದು, ಎ ಯಿಂದ ಇ ವರೆಗಿನ ಕೋಶಗಳನ್ನು ಆರಿಸಿ, ಅವುಗಳ ರೂಪದ ಕಿಟಕಿಯಲ್ಲಿ ರಕ್ಷಣೆಯ ಗುರುತು ತೆಗೆದು, ಮತ್ತೆ ಬೀಗ ಹಾಕಿದ ಮೇಲೆ ಸರಿಹೋಯಿತು.

ಆ ತಂಡದ ಹಾಳೆಗೆ ಬೀಗ ಹಾಕುವ ಮುನ್ನ ಹುಡುಗಿ ತನ್ನ 524.256 ಅಳಿಸಬೇಡಿರೆಂದು ಕೇಳಿದಳು. ಅವರ ಅಜ್ಜನ ಉಳಿದ ಎರಡು ಎಕರೆ ಈಗಿನ ನೀರಿನ ಅಂಚಿನಲ್ಲೇ ಇದೆಯಂತೆ. ಹಾಳೆಯ ಕೆಳಗಿನ ಪಟ್ಟಿಯ ಮೇಲೆ ಬಲಗುಂಡಿ ಒತ್ತಿ ಅದರ ನಕಲು ತೆಗೆಯುವುದನ್ನು ತೋರಿಸಿದೆ. ಮೊದಲ ಹಾಳೆಯಲ್ಲಿ 519.60 ಇಟ್ಟೆವು, ಎರಡನೆಯದಕ್ಕೆ ಆಕೆ "524" ಎಂದು ಹೆಸರಿಟ್ಟಳು. ಅದಕ್ಕೆ ಬೀಗ ಹಾಕಿಲ್ಲ.